ಮುಂದೆ ಬರುವವರ ಮನೆ

ನಮ್ಮ ಮುತ್ಯಾ, ಎಂದರೆ ಅಜ್ಜ, ಕುರ್ಚಿಯಲ್ಲಿ ಪೂರ್ತಿ ಕೂತದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ಉಳಿದಂತೆ ಅವನು ಕೂರುತ್ತಿದ್ದುದು ಕುರ್ಚಿಯ ತುದಿಯಲ್ಲಿ. ಅವನ ಬೆನ್ನಿಗೂ ಕುರ್ಚಿಯ ಬೆನ್ನಿಗೂ ನಡುವೆ ಚಿಕ್ಕ ಹುಡುಗಿಯೊಬ್ಬಳು ತೂರಿಕೊಂಡು ಕೂರುವಷ್ಟು ಜಾಗ ಖಾಲಿ ಇರುತ್ತಿತ್ತು. ಆ ಹುಡುಗಿ ನಾನೇ. ಅಲ್ಲಿ ಕೂತು ಅವನ ಭುಜದ ಕೆಳಗಿನಿಂದ ಇಣುಕಿದರೆ ಅವನ ಬಲಗಾಲು ಕಾಣುತ್ತಿತ್ತು. ಚರ್ಮದ ಚಪ್ಪಲಿಯ ಪಟ್ಟಿ ಬಿಗಿದೇ ಇರುತ್ತಿತ್ತು, ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ, ಮೊಣಕಾಲು ಸಣ್ಣಗೆ ಕುಣಿಯುತ್ತಲೇ ಇರುತ್ತಿತ್ತು. ಚಹಾ ಬಂದರೆ ಎದ್ದು ನಿಂತು ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದ. ಕೂತು ಕುಡಿದರೆ ಚಹಾ ಹೊಟ್ಟೆಗೆ ಇಳಿಯುವುದಿಲ್ಲ ಎಂಬುದು ಅವನ ವಾದ.

"ನಿಮ್ಮ ಮುತ್ಯಾನ ಕಾಲಿಗಿ ಚಕ್ರ ಅದ," ಎನ್ನುತ್ತಿದ್ದಳು ನಮ್ಮ ಆಯಿ, ಮುತ್ಯಾನ ಹೆಂಡತಿ. "ಬೆಕ್ಕರೆ ಮರಿಗೋಳು ಕಟಗೊಂಡು ಏಳು ಮನಿ ತಿರುಗಿ ಸುಮ್ಮಾಗ್ತದ. ಈ ಮನುಷ್ಯಾ ಆಗಲ್ಲ."

ಮುತ್ಯಾ ಪಾಸ್ಟರ್ ಆಗಿದ್ದ. ಊರಿನವರ ಬಾಯಲ್ಲಿ ಪಾದ್ರಿ ಸಾಹೇಬ್ರು, ನಮ್ಮ ಸಭೆಯವರ, ಅಂದರೆ ಚರ್ಚಿಗೆ ಸೇರಿದವರ ಬಾಯಲ್ಲಿ ಅಯ್ಯನೋರು, ತೆಲುಗಿನ ಗಾಳಿ ಬೀಸುವ ಚಿಂಚೋಳಿ ಕಡೆ ಹೋದರೆ ಅಯ್ಯಗಾರು. ನಮ್ಮವ್ವ ಆದಿತ್ಯನಗರದ ಆಸ್ಪತ್ರೆಯಲ್ಲಿ ನರ್ಸ್, ಅಪ್ಪ ಅಲ್ಲೇ ಸಿಮೆಂಟ್ ಚೀಲ ತುಂಬುವ ವಿಭಾಗದಲ್ಲಿ ಕೆಲಸಕ್ಕಿದ್ದ. ಇಬ್ಬರಿಗೂ ಪಾಳಿ. ಒಬ್ಬರು ಬರುವಾಗ ಇನ್ನೊಬ್ಬರು ಹೋಗುತ್ತಿದ್ದರು. ಹಾಗಾಗಿ ನಾನು ಮುತ್ಯಾ ಮತ್ತು ಆಯಿಯ ಹತ್ತಿರ ಬೆಳೆದೆ. ಅಂದರೆ ಅವರ ಟ್ರಂಕುಗಳ ನಡುವೆ ಬೆಳೆದೆ.

ಟ್ರಂಕಿನ ವಿಷಯ ಹೇಳಲೇಬೇಕು. ಪಾಸ್ಟರಿಗೆ ಸ್ವಂತ ಮನೆ ಇರುವುದಿಲ್ಲ, ಚರ್ಚಿನ ಪಕ್ಕದ ಮನೆಯಲ್ಲಿ ಇರಬೇಕು. ಎಷ್ಟು ದಿನ ಎಂದು ಅವನಿಗೇ ಗೊತ್ತಿರುವುದಿಲ್ಲ. ವರ್ಷಕ್ಕೊಮ್ಮೆ ಎಲ್ಲ ಪಾಸ್ಟರುಗಳ ಸಮ್ಮೇಳನ ನಡೆಯುತ್ತಿತ್ತು. ಕೊನೆಯ ದಿನ ಬಿಷಪ್ಪರು ಎದ್ದು ನಿಂತು ಯಾರು ಯಾವ ಊರಿಗೆ ಎಂದು ಓದುತ್ತಿದ್ದರು. ತನ್ನ ಹೆಸರು ಕೇಳಿಸುವ ತನಕ ಯಾರಿಗೂ ತನ್ನ ಊರು ಯಾವುದೆಂದು ತಿಳಿಯದು. ಓದಿದ ಮೇಲೆ ಯಾಕೆ ಎಂದು ಕೇಳುವಂತಿರಲಿಲ್ಲ. ಇದ್ದಲ್ಲೇ ಇನ್ನೊಂದು ವರ್ಷ ಎಂದು ಬಂದರೂ ಬಂತು, ಹದಿನೈದು ದಿನದಲ್ಲಿ ಮನೆ ಖಾಲಿ ಮಾಡಬೇಕು ಎಂದು ಬಂದರೂ ಬಂತು.

ಸಮ್ಮೇಳನಕ್ಕೆ ಹೋದ ಮುತ್ಯಾ ತಿರುಗಿ ಬರುವ ದಿನ ಆಯಿ ಬೆಳಿಗ್ಗೆಯಿಂದಲೇ ಹೊಸ್ತಿಲು ಬಿಟ್ಟು ಕದಲುತ್ತಿರಲಿಲ್ಲ. ಅವನು ಬಂದವನೇ ನೀರು ಕೂಡ ಕೇಳದೆ ಬಾಗಿಲಲ್ಲೇ ನಿಂತು ಊರಿನ ಹೆಸರು ಹೇಳುತ್ತಿದ್ದ. ಒಂದೇ ಶಬ್ದ. "ವಾಡಿ," ಅಥವಾ "ಚಿತ್ತಾಪುರ." ಅಷ್ಟು ಹೇಳಿ ಒಳಗೆ ಹೋಗುತ್ತಿದ್ದ. ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಾತ್ರೆ ಇಳಿಸಲು ಶುರು ಮಾಡುತ್ತಿದ್ದಳು. ನಾನು ಮೂಲೆಯಲ್ಲಿ ಕೂತು ಅಳುತ್ತಿದ್ದೆ. ನನ್ನ ಶಾಲೆ, ನನ್ನ ಗೆಳತಿ, ನನ್ನ ಬಾವಿಕಟ್ಟೆ ಎಲ್ಲವೂ ಆ ಒಂದು ಶಬ್ದಕ್ಕೆ ಹೋಗುತ್ತಿದ್ದವು. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಒಂದು ಟ್ರಂಕನ್ನು ನಾವು ಯಾವ ಊರಿನಲ್ಲೂ ತೆರೆಯಲಿಲ್ಲ. ಅದರಲ್ಲಿ ಆಯಿಯ ಮದುವೆಗೆ ಬಂದ ಪಿಂಗಾಣಿ ಕಪ್ಪುಗಳಿದ್ದವು. ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದಳು. ಬಿಚ್ಚುವುದು ಯಾಕೆ, ಮತ್ತೆ ಕಟ್ಟುವುದು ಯಾಕೆ ಎಂಬ ಲೆಕ್ಕ. ಗೋಡೆಗೆ ಮೊಳೆ ಹೊಡೆಯಲಿಕ್ಕೂ ಮುತ್ಯಾ ಬಿಡುತ್ತಿರಲಿಲ್ಲ. ಆಯಿ ಕ್ಯಾಲೆಂಡರ್ ಹಿಡಿದುಕೊಂಡು ಜಾಗ ಹುಡುಕುತ್ತಿದ್ದರೆ ಹಿಂದಿನಿಂದ ದನಿ ಬರುತ್ತಿತ್ತು: "ಬ್ಯಾಡ. ಇದು ನಮ್ಮ ಮನಿ ಅಲ್ಲ. ಮುಂದ ಬರೋರ ಮನಿ." ಶಹಾಬಾದಿನಲ್ಲಿ ಮಾತ್ರ ಅವನಿಗೆ ಈ ತೊಂದರೆ ಇರಲಿಲ್ಲ. ಅಲ್ಲಿನ ಮನೆಗೆ ನೆಲ, ಗೋಡೆ, ಮಾಡು ಎಲ್ಲ ಕಲ್ಲಿನದೇ. ಮೊಳೆಯೇ ಸೊಟ್ಟಗಾಗುತ್ತಿತ್ತು. ಆ ಮನೆ ನೋಡಿ ಮುತ್ಯಾ ಖುಷಿಯಾದ. ಆಯಿ ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟಿದಳು.

ಮುಂದೆ ಬರುವವರ ಮನೆ ಎಂಬ ಈ ಮಾತು ಬರೀ ಗೋಡೆಗೆ ಸಂಬಂಧಿಸಿದ್ದಲ್ಲ. ನಮ್ಮಲ್ಲಿ ಒಂದು ಕಟ್ಟಳೆ ಇದೆ. ಒಂದು ಊರು ಬಿಟ್ಟ ಪಾಸ್ಟರ್ ಮತ್ತೆ ಆ ಊರಿನಲ್ಲಿ ಮದುವೆ, ಮಣ್ಣು, ದೀಕ್ಷಾಸ್ನಾನ ಯಾವುದನ್ನೂ ಮಾಡಿಸಬಾರದು. ಈಗಿರುವ ಪಾಸ್ಟರ್ ತಾನಾಗಿ ಕರೆದರೆ ಬೇರೆ ಮಾತು. ಜನ ಹಳಬರನ್ನೇ ಹಿಡಿದುಕೊಂಡರೆ ಹೊಸಬರು ನೆಲೆ ಊರುವುದು ಹೇಗೆ ಎಂಬುದು ಅದರ ಹಿಂದಿನ ವಿವೇಕ. ಎಷ್ಟೋ ಪಾಸ್ಟರುಗಳು ಇದನ್ನು ಅರ್ಧಂಬರ್ಧ ಪಾಲಿಸುತ್ತಾರೆ. ನಮ್ಮ ಮುತ್ಯಾ ಮಾತ್ರ ಕಲ್ಲಿನ ಮೇಲೆ ಕೊರೆದಂತೆ ಪಾಲಿಸಿದ, ಬೇರೆಯವರೂ ಪಾಲಿಸುವಂತೆ ಮಾಡಿದ.

ಅವನು ಇಪ್ಪತ್ತೆಂಟರ ಹುಡುಗನಾಗಿ ಸೇಡಂಗೆ ಬಂದ ಹೊಸತು. ಒಂದು ಮದುವೆಯ ದಿನ, ಅಲ್ಲಿ ಹಿಂದೆ ಇದ್ದು ನಿವೃತ್ತರಾದ ಮುದುಕ ಪಾಸ್ಟರೊಬ್ಬರು ಎತ್ತಿನ ಬಂಡಿಯಲ್ಲಿ ಬಂದಿಳಿದರು. ಮೈಮೇಲೆ ಬಿಳಿ ನಿಲುವಂಗಿ. ಮದುವೆ ಮಾಡಿಸಲೆಂದೇ ಬಂದಿದ್ದರು. ಮುತ್ಯಾ ತಾನೇ ಹೋಗಿ ಕೈಹಿಡಿದು ಇಳಿಸಿಕೊಂಡ, ಒಳಗಿನಿಂದ ತಾನೇ ಒಂದು ಕುರ್ಚಿ ತಂದ, ಎಲ್ಲರಿಗಿಂತ ಮುಂದೆ ಹಾಕಿದ. "ಕುಂದ್ರಿ ಅಯ್ಯನೋರೆ. ಈಗ ಇದು ನನ್ನ ಸಭಾ," ಎಂದ. ಮುದುಕರು ಕೂತರು. ಮದುವೆ ಮುತ್ಯಾ ಮಾಡಿಸಿದ. ಮುದುಕರು ಊಟ ಮಾಡದೆ ಹೋದರಂತೆ.

ಈ ಕಥೆಯನ್ನು ನಾನು ಚಿಕ್ಕವಳಿದ್ದಾಗ ಅವನ ಬಾಯಿಂದ ಎಷ್ಟು ಸಲ ಕೇಳಿದ್ದೇನೋ. ಮುಂದೆ ಪಾಸ್ಟರ್ ಆಗಲಿರುವ ಹುಡುಗರಿಗೆ ಪಾಠ ಹೇಳಲು ಅವನನ್ನು ಕರೆಸುತ್ತಿದ್ದರು. ಅಲ್ಲಿಯೂ ಹೇಳುತ್ತಿದ್ದ. "ಗೌರವ ಬ್ಯಾರೆ, ಜಾಗ ಬ್ಯಾರೆ. ಕುರ್ಚಿ ಕೊಡ್ರಿ, ಪೀಠ ಕೊಡಬ್ಯಾಡ್ರಿ," ಎಂದು ಮುಗಿಸುತ್ತಿದ್ದ. ಹುಡುಗರು ಬರೆದುಕೊಳ್ಳುತ್ತಿದ್ದರಂತೆ.

ಚಿಂಚೋಳಿಯಲ್ಲಿ ನಾವಿದ್ದಾಗ ನನಗೆ ಏಳು ವರ್ಷ. ಆ ಚರ್ಚಿಗೆ ಗಂಟೆ ಇರಲಿಲ್ಲ. ಬೇವಿನ ಮರಕ್ಕೆ ರೈಲು ಹಳಿಯ ತುಂಡೊಂದನ್ನು ತೂಗುಹಾಕಿದ್ದರು. ಅದನ್ನು ಬಾರಿಸುತ್ತಿದ್ದವಳು ಒಬ್ಬ ಹೆಂಗಸು. ಎಲ್ಲರೂ ಗಂಟೆಯಕ್ಕ ಎನ್ನುತ್ತಿದ್ದರು. ಅವಳೂ ಅವಳ ಗಂಡನೂ ತೊಗರಿ ಹೊಲದಲ್ಲಿ ಕೂಲಿ ಮಾಡುತ್ತಿದ್ದರು, ಮಕ್ಕಳಿರಲಿಲ್ಲ. ಮುತ್ಯಾನ ತಳಮಳ ಅರ್ಥವಾಗುತ್ತಿದ್ದುದು ಇಡೀ ಸಭೆಯಲ್ಲಿ ಅವಳೊಬ್ಬಳಿಗೇ. ಭಾನುವಾರದ ಉಪದೇಶದ ನಡುವೆ ಮುತ್ಯಾನ ಹಿಮ್ಮಡಿ ಕುಣಿಯತೊಡಗಿದರೆ, "ಅಯ್ಯಗಾರಿಗಿ ಬಸ್ಸಿನ ಟೈಮ್ ಆಯ್ತು, ಆಮೆನ್ ಅನ್ರಿ," ಎಂದು ಪಕ್ಕದವರಿಗೆ ಕೇಳಿಸುವಂತೆ ಗೊಣಗುತ್ತಿದ್ದಳು. ಮುತ್ಯಾ ನಗುತ್ತಿದ್ದ. ಬೇರೆ ಯಾರಾದರೂ ಅಂದಿದ್ದರೆ ಆಗುತ್ತಿದ್ದ ಕಥೆಯೇ ಬೇರೆ.

ಆ ವರ್ಷ ಮುತ್ಯಾ ಸಮ್ಮೇಳನಕ್ಕೆ ಹೋಗಿದ್ದಾಗ ಗಂಟೆಯಕ್ಕನ ಗಂಡ ಹೊಲದಲ್ಲೇ ಕುಸಿದು ಸತ್ತ. ಬಿಸಿಲಿನ ದಿನಗಳು, ಕಾಯುವಂತಿರಲಿಲ್ಲ. ಸಭೆಯ ಹಿರಿಯರು ತಮಗೆ ಬಂದ ಪ್ರಾರ್ಥನೆ ಹೇಳಿ ಮಣ್ಣು ಮಾಡಿದರು. ಮರುದಿನ ಮುತ್ಯಾ ಬಂದ. ಬಾಗಿಲಲ್ಲಿ ನಿಂತು, "ಶಹಾಬಾದ," ಎಂದ. ಆಯಿ ಪಾತ್ರೆಯ ಕಡೆ ಹೋಗಲಿಲ್ಲ. ನಡೆದದ್ದನ್ನು ಹೇಳಿದಳು. ಮುತ್ಯಾ ಹಾಗೇ ತಿರುಗಿ ಹೊರಟ. ನಾನು ಹಿಂದೆ ಓಡಿದೆ.

ಗಂಟೆಯಕ್ಕ ಬೇವಿನ ಮರದ ಕೆಳಗೇ ಕೂತಿದ್ದಳು. ಮುತ್ಯಾನನ್ನು ನೋಡಿ ಏಳಲಿಲ್ಲ.

"ಹಿರಿಯರು ಛಲೋನೇ ಮಾಡಿದ್ರು ಅಯ್ಯಗಾರು. ಅವರ ಮ್ಯಾಲ ನಂದೇನ್ ಮಾತಿಲ್ಲ. ಖರೇ ನೀವು ಇದ್ದಿದ್ದಿಲ್ಲ," ಎಂದಳು.

"ಇದ್ದಿದ್ದಿಲ್ಲವ್ವ," ಎಂದ ಮುತ್ಯಾ.

"ಅವನಿಗಂತೂ ಹಂಗಾಯ್ತು. ನನ್ನ ಮಣ್ಣರೆ ನೀವೇ ಮಾಡಬೇಕು."

ಮುತ್ಯಾ ನಾಳೆ ಬರುತ್ತೇನೆ ಎಂದು ಕೂಡ ಯಾರಿಗೂ ಮಾತು ಕೊಡದ ಮನುಷ್ಯ. ಶಹಾಬಾದ್ ಎಂಬ ಶಬ್ದ ಇನ್ನೂ ಅವನ ಬಾಯಲ್ಲೇ ಇತ್ತು. "ಎಲ್ಲಿದ್ರೂ ಬರ್ತೀನಿ. ನಾನೇ ಮಾಡ್ತೀನಿ," ಎಂದುಬಿಟ್ಟ.

ಮನೆಗೆ ಬಂದು ಹೇಳಿದಾಗ ಆಯಿ ಮುಖ ಗಂಟು ಹಾಕಿದಳು. "ಮಾತು ಆಡಿದ್ರ ಹೋಯ್ತು, ಮುತ್ತು ಒಡದ್ರ ಹೋಯ್ತು. ಆಕಿ ಸಾಯೋ ದಿನ ಚಿಂಚೋಳಿ ನಿಮ್ದಿರ್ತದೇನ್ರಿ? ಸೇಡಂದಾಗ ಆ ಮುದುಕರಿಗಿ ಏನಂದಿದ್ರಿ, ಮರ್ತೀರೇನು?" ಮುತ್ಯಾನ ಚಪ್ಪಲಿಯ ಪಟ್ಟಿ ಬಿಗಿಯಾಗಿಯೇ ಇತ್ತು, ಆದರೂ ಬಗ್ಗಿ ಮತ್ತೊಮ್ಮೆ ಬಿಗಿದ.

ಆಮೇಲೆ ಶಹಾಬಾದ್, ವಾಡಿ, ಚಿತ್ತಾಪುರ ಆದವು. ಚಿತ್ತಾಪುರದಲ್ಲಿ ಅವನು ನಿವೃತ್ತನಾದ. ನಾನು ಹಾಸ್ಟೆಲು ಸೇರಿ, ಓದಿ, ಅದೇ ಚಿತ್ತಾಪುರದ ಶಾಲೆಯೊಂದರಲ್ಲಿ ಟೀಚರ್ ಆದೆ. ಮುತ್ಯಾ ಮತ್ತು ಆಯಿ ಆದಿತ್ಯನಗರಕ್ಕೆ, ಅವ್ವ ಅಪ್ಪನ ಕ್ವಾರ್ಟರ್ಸಿಗೆ ಬಂದರು. ಇನ್ನಾದರೂ ಈ ಮನುಷ್ಯ ಕೂರುತ್ತಾನೆ ಎಂದುಕೊಂಡೆವು. ಎಲ್ಲಿ ಬಂತು. ಪ್ರತಿ ಭಾನುವಾರ ಬೆಳಿಗ್ಗೆ ಎದ್ದು, ಮಳಖೇಡ ರೋಡ್ ಸ್ಟೇಷನ್ನಿಗೆ ಹೋಗಿ ರೈಲು ಹಿಡಿಯುತ್ತಿದ್ದ, ಇಲ್ಲವೇ ಬಸ್ಸಿಗೆ ನಿಲ್ಲುತ್ತಿದ್ದ. ಒಂದು ವಾರ ವಾಡಿ, ಒಂದು ವಾರ ಶಹಾಬಾದ್, ಒಂದು ವಾರ ಸೇಡಂ. ತಾನು ಬಿಟ್ಟು ಬಂದ ಚರ್ಚುಗಳಿಗೆ ಹೋಗಿ ಕೊನೆಯ ಬೆಂಚಿನ ಅಂಚಿನಲ್ಲಿ ಕೂತು, ಆರಾಧನೆ ಮುಗಿದ ಕೂಡಲೇ ಎದ್ದು ಬರುತ್ತಿದ್ದ. ಯಾರಾದರೂ ಪ್ರಾರ್ಥನೆ ಮಾಡಿರಿ ಎಂದರೆ ಈಗಿನ ಪಾಸ್ಟರ್ ಕಡೆ ಕೈ ತೋರಿಸುತ್ತಿದ್ದ.

ಚಿಂಚೋಳಿಗೆ ಹೋದಾಗ ಮಾತ್ರ ಅವನು ತಡವಾಗಿ ಬರುತ್ತಿದ್ದ. ಗಂಟೆಯಕ್ಕ ಮುದುಕಿಯಾಗಿದ್ದಳು, ಇನ್ನೂ ಹಳಿ ಬಾರಿಸುತ್ತಿದ್ದಳು. ಮುತ್ಯಾನನ್ನು ಕಂಡರೆ, "ಇನ್ನೂ ಸತ್ತಿಲ್ಲ ಅಯ್ಯಗಾರು, ನೀವು ಹೋಗಿ ಬರ್ರಿ," ಎನ್ನುತ್ತಿದ್ದಳಂತೆ. ಅವನು ನಗುತ್ತಾ ಹೇಳುತ್ತಿದ್ದ. ನಕ್ಕ ಮೇಲೆ ಎದ್ದು ಅಂಗಳದಲ್ಲಿ ತಿರುಗಾಡುತ್ತಿದ್ದ. ಆಯಿ ಒಳಗಿನಿಂದ ಅವನ ಚಪ್ಪಲಿ ಸದ್ದು ಕೇಳುತ್ತಾ, "ಕೊಟ್ಟ ಮಾತು ತಿರಗ್ಯಾಡಾಕತ್ತದ ನೋಡು," ಎನ್ನುತ್ತಿದ್ದಳು. ನನಗೆ ಅಯ್ಯೋ ಅನಿಸುತ್ತಿತ್ತು, ಸಿಟ್ಟೂ ಬರುತ್ತಿತ್ತು. ಕಟ್ಟಳೆ ಮುರಿಯಲಾರದವನು ಮಾತು ಯಾಕೆ ಕೊಡಬೇಕು? ಮಾತು ಕೊಟ್ಟವನು ಕಟ್ಟಳೆಯನ್ನು ಯಾಕೆ ಅಷ್ಟು ಬಿಗಿಯಾಗಿ ಹಿಡಿಯಬೇಕು?

ಕಳೆದ ವರ್ಷ ದಸರಾ ರಜೆಗೆ ನಾನು ಆದಿತ್ಯನಗರಕ್ಕೆ ಹೋಗಿದ್ದೆ. ಬೆಳಗಿನ ಚಹಾದ ಹೊತ್ತಿಗೆ ಫೋನು ಬಂತು. ಗಂಟೆಯಕ್ಕ ತೀರಿಕೊಂಡಿದ್ದಳು, ಮಧ್ಯಾಹ್ನ ಮಣ್ಣು. ಮುತ್ಯಾ ಬಸಿ ಕೆಳಗಿಟ್ಟು ಒಳಗೆ ಹೋದ. ಟ್ರಂಕು ತೆರೆದ ಸದ್ದಾಯಿತು. ನಿವೃತ್ತನಾದ ಮೇಲೆ ಮೈಗೆ ಹಾಕದ ತನ್ನ ಬಿಳಿ ನಿಲುವಂಗಿಯನ್ನು ಮಡಚಿ ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡು ಬಂದ.

"ಹಾಕ್ಕೊಂತೀ ಏನು?" ಎಂದೆ.

"ಇಲ್ಲ. ಇರ್ಲಿ ಅಂತ," ಎಂದ.

ನಾನೂ ಜೊತೆಗೆ ಹೊರಟೆ. ಸೇಡಂನಲ್ಲಿ ಬಸ್ಸು ಬದಲಿಸಿ ಚಿಂಚೋಳಿಗೆ ಹೋಗುವ ತನಕ ಆ ಚೀಲ ಅವನ ಎದೆಗೆ ಒತ್ತಿಕೊಂಡೇ ಇತ್ತು. ಹೊಲದಲ್ಲಿ ತೊಗರಿ ಎದೆಮಟ್ಟ ಬೆಳೆದು ನಿಂತಿತ್ತು. ಮುತ್ಯಾ ಕಿಟಕಿಯಾಚೆ ನೋಡಲಿಲ್ಲ. ಡ್ರೈವರನ ಬೆನ್ನು ನೋಡುತ್ತಾ, ಕಾಲು ಕುಣಿಸುತ್ತಾ ಕೂತಿದ್ದ.

ಆಗ ಚಿಂಚೋಳಿಯಲ್ಲಿದ್ದವನು ಹೊಸ ಪಾಸ್ಟರ್. ಶಹಾಬಾದಿನ ಹುಡುಗ, ಕೂಸಿದ್ದಾಗ ಅವನಿಗೆ ದೀಕ್ಷಾಸ್ನಾನ ಕೊಟ್ಟವನು ಮುತ್ಯಾನೇ. ಮುತ್ಯಾನ ಪಾಠ ಕೇಳಿದ ಹುಡುಗರಲ್ಲಿ ಅವನೂ ಒಬ್ಬ. ಸಮಾಧಿಯ ಜಾಗದಲ್ಲಿ ಜನ ಸೇರಿದ್ದರು. ನಮ್ಮನ್ನು ದೂರದಿಂದಲೇ ನೋಡಿ ಓಡಿ ಬಂದ, ಮುತ್ಯಾನ ಎರಡೂ ಕೈ ಹಿಡಿದ. ಇನ್ನೇನು ಕರೆಯುತ್ತಾನೆ ಎಂದುಕೊಂಡೆ. ಅವನು ತಿರುಗಿ ಹೋಗಿ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ತಾನೇ ಎತ್ತಿಕೊಂಡು ಬಂದ, ಎಲ್ಲರಿಗಿಂತ ಮುಂದೆ, ಗುಂಡಿಯ ಹತ್ತಿರವೇ ಹಾಕಿದ.

"ಕುಂದ್ರಿ ಅಯ್ಯನೋರೆ," ಎಂದ.

ಮುತ್ಯಾ ಆ ಕುರ್ಚಿಯನ್ನು ನೋಡಿದ. ಆಮೇಲೆ ಕೂತ. ತುದಿಯಲ್ಲಿ ಅಲ್ಲ, ಪೂರ್ತಿ ಹಿಂದಕ್ಕೆ ಸರಿದು, ಬೆನ್ನು ಆನಿಸಿ ಕೂತ. ಎರಡೂ ಹಿಮ್ಮಡಿ ನೆಲದ ಮೇಲಿದ್ದವು. ಅವನನ್ನು ಹಾಗೆ ನೋಡಿ ನನಗೆ ಹೆದರಿಕೆಯಾಯಿತು. ನಾನು ಬಗ್ಗಿ, "ಮುತ್ಯಾ, ಒಂದು ಮಾತು ಕೇಳು ಅವನಿಗಿ. ಮಾತು ಕೊಟ್ಟೀನಿ ಅಂತ ಹೇಳು. ಇಲ್ಲಂದ್ರ ನಾ ಹೇಳ್ತೀನಿ," ಎಂದೆ. ಅವನು ನನ್ನ ಕೈ ಹಿಡಿದು ಬಿಡಲೇ ಇಲ್ಲ. ಹಿಡಿತ ನೋಯುವಷ್ಟು ಬಿಗಿಯಾಗಿತ್ತು. ಹುಡುಗ ಪಾಸ್ಟರ್ ಪುಸ್ತಕ ತೆರೆದು ಓದಿದ. ಚೆನ್ನಾಗಿಯೇ ಓದಿದ. ಪೆಟ್ಟಿಗೆ ಇಳಿಯಿತು, ಎಲ್ಲರೊಂದಿಗೆ ಮುತ್ಯಾನೂ ಒಂದು ಹಿಡಿ ಮಣ್ಣು ಹಾಕಿದ. ಚೀಲ ಅವನ ಕಂಕುಳಲ್ಲೇ ಇತ್ತು.

ತಿರುಗಿ ಬರುವಾಗ ಸೇಡಂ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಮೊದಲ ಮಾತಾಡಿದ. "ಹುಡುಗ ಛಲೋ ಓದ್ದ."

"ನೀ ಯಾಕ ಕೇಳ್ಲಿಲ್ಲ?" ನಾನು ಜಗಳಕ್ಕೇ ನಿಂತೆ.

"ನಾ ಕೇಳಿದ್ರ ಅವ ಇಲ್ಲ ಅಂತಿದ್ದಿಲ್ಲ ಯವ್ವಾ. ಅದಕ್ಕೇ ಕೇಳ್ಲಿಲ್ಲ."

ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಅಂಗಳದಲ್ಲಿ ತಿರುಗಾಟ ಹೆಚ್ಚಾಯಿತು. ಗೇಟಿನ ತನಕ ಹೋಗುವುದು, ಬರುವುದು, ಮತ್ತೆ ಹೋಗುವುದು. ನನಗೆ ನೋಡಲಾಗಲಿಲ್ಲ. ಚಿತ್ತಾಪುರಕ್ಕೆ ಮರಳಿದವಳೇ ಚಿಂಚೋಳಿ ಪಾಸ್ಟರಿಗೆ ಫೋನು ಮಾಡಿ ಬೈದೆ. ಮಾತು ಕೊಟ್ಟ ವಿಷಯವನ್ನೆಲ್ಲ ಹೇಳಿದೆ.

"ಅಕ್ಕಾ, ನಂಗ ಗೊತ್ತಿದ್ದಿಲ್ಲ," ಎಂದ ಅವನು. "ಅವರನ್ನ ಕರೀಬೇಕಂತ ನನ್ನ ಬಾಯಿಗಿ ಬಂದಿತ್ತು. ಖರೇ ಅವರೇ ಹೇಳಿದ್ದಲ್ಲ, ಕುರ್ಚಿ ಕೊಡ್ರಿ, ಪೀಠ ಕೊಡಬ್ಯಾಡ್ರಿ ಅಂತ. ಕರದ್ರ ಅವರ ಮಾತಿಗೇ ಅವಮಾನ ಮಾಡಿದಂಗ ಆಗ್ತದ ಅನ್ಕೊಂಡೆ. ಅದಕ್ಕೇ ಕುರ್ಚಿ ನಾನೇ ಹೊತ್ತು ತಂದೆ."

ನಾನು ಇನ್ನೂ ಬೈಯಬೇಕೆಂದಿದ್ದೆ. ಆದರೆ ಅವನು ಗೌರವವನ್ನೇ ಕೊಟ್ಟಿದ್ದ. ಮುತ್ಯಾ ಕಲಿಸಿದಂತೆ, ಮುತ್ಯಾ ಕೊಟ್ಟಂತೆಯೇ ಕೊಟ್ಟಿದ್ದ.

ಮುಂದಿನ ವಾರವೇ ಆ ಹುಡುಗ ಆದಿತ್ಯನಗರಕ್ಕೆ ಬಂದ. ಬರುತ್ತಾನೆಂದು ತಿಳಿದು ನಾನೂ ಹೋಗಿದ್ದೆ. ಆಯಿ ಆ ತೆರೆಯದ ಟ್ರಂಕನ್ನು ತೆರೆದು, ಸೀರೆ ಬಿಚ್ಚಿ, ಕಪ್ಪುಗಳನ್ನು ತೊಳೆದು ಚಹಾ ಕೊಟ್ಟಳು. ಹುಡುಗ ಕಪ್ಪು ಹಿಡಿದುಕೊಂಡು ಅತ್ತ. ಮುತ್ಯಾ ಅವನೆದುರು ಕುರ್ಚಿಯ ತುದಿಯಲ್ಲಿ ಕೂತು, "ಅಳಬ್ಯಾಡ. ನೀ ಸರಿನೇ ಮಾಡೀದಿ. ಅರ್ಧ ಕಥಿ ಹೇಳ್ದಾಂವ ನಾನು," ಎಂದ.

ಉಳಿದ ಅರ್ಧವನ್ನು ನಾವು ಅಂದೇ ಮೊದಲು ಕೇಳಿದ್ದು. ಆಯಿಗೂ ಗೊತ್ತಿರಲಿಲ್ಲ. ಸೇಡಂನ ಆ ಮದುವೆ ಆದ ಎಷ್ಟೋ ವರ್ಷಗಳ ಮೇಲೆ ಮದುಮಗಳ ತಾಯಿ ಮುತ್ಯಾನಿಗೆ ವಾಡಿಯಲ್ಲಿ ಸಿಕ್ಕಿದ್ದಳಂತೆ. ಅವಳ ಗಂಡ ಸಾಯುವಾಗ ಆ ಮುದುಕ ಪಾಸ್ಟರ್ ಹಾಸಿಗೆಯ ಪಕ್ಕದಲ್ಲಿದ್ದರು. ಮಗಳ ಮದುವೆ ನಾನೇ ಮಾಡಿಸುತ್ತೇನೆ ಎಂದು ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದರು. ಆ ಮಾತಿಗಾಗಿ ಬಂಡಿ ಕಟ್ಟಿಸಿಕೊಂಡು ಬಂದಿದ್ದರು.

"ಯಾಕ ಬಂದೀರಿ ಅಂತ ನಾ ಅವರಿಗಿ ಕೇಳ್ಲೇ ಇಲ್ಲ," ಎಂದ ಮುತ್ಯಾ. "ಅವರೂ ಹೇಳ್ಲಿಲ್ಲ. ನಾ ಹೋಗಿ ಮಾಫಿ ಕೇಳಬೇಕಂದ್ರ ಅವರು ಇದ್ದಿದ್ದಿಲ್ಲ. ಇಷ್ಟು ವರ್ಷ ನಿಮಗೆಲ್ಲ ಕುರ್ಚಿ ಕೊಟ್ಟಿದ್ದು ಹೇಳೀನಿ, ಇದು ಹೇಳಿಲ್ಲ. ಕಟ್ಟಳಿ ಖರೇ ಅದ. ಆದ್ರ ಮದಲು ಕೇಳಬೇಕಿತ್ತು."

ಹುಡುಗ ಕಣ್ಣೊರೆಸಿಕೊಂಡು ಎದ್ದು ನಿಂತ. "ಈಗ ನಾ ಕರಿಯಾಕತ್ತೀನಿ ಅಯ್ಯನೋರೆ. ಭಾನುವಾರ ಬರ್ರಿ. ಆಕಿ ಸಮಾಧಿ ಮುಂದ ನೀವು ಓದ್ರಿ."

ಮುತ್ಯಾ ಹೋದ. ಆ ಬಿಳಿ ನಿಲುವಂಗಿ ಹಾಕಿಕೊಂಡ. ಮಡಿಕೆಯ ಗೆರೆಗಳು ಅದರ ಮೇಲೆ ಹಾಗೇ ಉಳಿದಿದ್ದವು. ಮುಚ್ಚಿ ಆಗಿಹೋದ ಗುಂಡಿಯ ಮುಂದೆ ನಿಂತು, ಮಣ್ಣಿನ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯ ತನಕ ಓದಿದ. ಎಲ್ಲೂ ಅವಸರ ಮಾಡಲಿಲ್ಲ. ಮುಗಿಸಿ ಪುಸ್ತಕ ಮುಚ್ಚಿ, "ತಡ ಆಯ್ತವ್ವ," ಎಂದ. ಯಾರೋ ಬೇವಿನ ಮರದ ಹಳಿ ಬಾರಿಸಿದರು. ಗಂಟೆಯಕ್ಕನ ಕೈ ಬೇರೆ, ಇದು ಬೇರೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಇನ್ನು ಮುತ್ಯಾನಿಗೆ ನೆಮ್ಮದಿ ಎಂದುಕೊಂಡು ನಾನು ಬಸ್ಸಿನಲ್ಲಿ ಅವನ ಪಕ್ಕ ಕೂತೆ. ನೋಡಿದರೆ ಬಲಗಾಲು ಮತ್ತೆ ಕುಣಿಯುತ್ತಿತ್ತು. "ಈಗೇನಾಯ್ತು?" ಎಂದೆ.

"ಮಾಡಿದಂಗ ಆಗ್ಲಿಲ್ಲ. ನಾ ಮಾತು ಕೊಟ್ಟಿದ್ದು ಮಣ್ಣು ಮಾಡ್ತೀನಿ ಅಂತ. ಮಣ್ಣು ಮಾಡಿದ ಮ್ಯಾಲ ಬರ್ತೀನಿ ಅಂತ ಅಲ್ಲ." ಮತ್ತೆ ಹೇಳಿದ. "ಅವಳ ಗಂಡನಿಗೂ ತಡ ಆಗಿತ್ತು. ಅವಳಿಗೂ ತಡ ಆಯ್ತು."

ಮುಂದಿನ ಭಾನುವಾರ ಶಹಾಬಾದಿಗೆ ಹೋದ, ಅದರ ಮುಂದಿನ ವಾರ ವಾಡಿಗೆ. ಚಳಿಗಾಲ ಕಳೆಯುವಷ್ಟರಲ್ಲಿ ಎದೆಯಲ್ಲಿ ಕಫ ಕಟ್ಟಿತು. ಅವ್ವ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಮಲಗಿಸಿದೆವು. ಮಲಗಿದವನು ಹೊದಿಕೆಯ ಒಳಗೆ ಕಾಲು ಕುಣಿಸುತ್ತಿದ್ದ. ಆಯಿ ಅದರ ಮೇಲೆ ಕೈಯಿಟ್ಟು ಕೂತಿರುತ್ತಿದ್ದಳು. "ನನ್ನ ಮಣ್ಣಿಗಿ ಇಂಥವರೇ ಬೇಕಂತ ಹಠ ಮಾಡಬ್ಯಾಡ್ರಿ," ಎಂದ ಒಂದು ದಿನ. "ಆದಿತ್ಯನಗರ ಸೇಡಂ ಚರ್ಚಿಗಿ ಸೇರ್ತದ, ಅಲ್ಲಿ ಪಾಸ್ಟರ್ ಮಾಡ್ತಾರ. ಅದು ಅವರ ಸಭಾ. ಯಾರ ಕಡಿಂದೂ ಮಾತು ತಗೋಬ್ಯಾಡ್ರಿ." ನಾವು ಹೂಂ ಅಂದೆವು. ಎರಡು ದಿನ ಬಿಟ್ಟು, ಬೆಳಿಗ್ಗೆ, ಆಯಿಯ ಅಂಗೈ ಕೆಳಗೆ ಆ ಕಾಲು ನಿಂತಿತು.

ಸೇಡಂನಲ್ಲಿ ಮಣ್ಣು. ಅವನು ಇದ್ದ ಊರುಗಳಿಂದೆಲ್ಲ ಜನ ಬಂದಿದ್ದರು. ಸೇಡಂನ ಪಾಸ್ಟರ್ ನಡುವಯಸ್ಸಿನ ಗಂಭೀರ ಮನುಷ್ಯ. ಪುಸ್ತಕ ತೆರೆದು ನಿಂತಿದ್ದರು, ಇನ್ನೇನು ಶುರು ಮಾಡಬೇಕು. ನಾನು ಯಾಕೋ ತಲೆಯೆತ್ತಿ ನೋಡಿದೆ. ಜನರ ಹಿಂದೆ, ದೂರದಲ್ಲಿ, ಕಾಂಪೌಂಡಿನ ಗೋಡೆಗೆ ಒರಗಿ ಚಿಂಚೋಳಿಯ ಹುಡುಗ ಪಾಸ್ಟರ್ ನಿಂತಿದ್ದ. ಎದೆಗೆ ಒಂದು ಬಟ್ಟೆಯ ಚೀಲ ಒತ್ತಿಕೊಂಡಿದ್ದ. ಅದರಲ್ಲಿ ಮಡಚಿಟ್ಟ ನಿಲುವಂಗಿ ಇದೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಇದು ಬೇರೆಯವರ ಸಭೆ. ಕರೆಯದೆ ಅವನು ಮುಂದೆ ಬರುವವನಲ್ಲ, ಬಾಯಿ ಬಿಟ್ಟು ಕೇಳುವವನೂ ಅಲ್ಲ. ಮುತ್ಯಾ ಕಲಿಸಿದ ಹುಡುಗ ಅವನು.

ಹಠ ಮಾಡಬೇಡಿರಿ ಎಂದು ಮುತ್ಯಾ ಹೇಳಿದ್ದ. ಹೂಂ ಎಂದವಳು ನಾನೇ. ಆದರೂ ನನ್ನ ಕಾಲು ನಿಲ್ಲಲಿಲ್ಲ. ಆ ಚಕ್ರ ನನ್ನ ಕಾಲಿಗೂ ಬಂದಿದೆ ಎಂದು ಆಯಿ ಸುಮ್ಮನೆ ಹೇಳುವುದಿಲ್ಲ. ಎಲ್ಲರೂ ನೋಡುತ್ತಿರುವಾಗಲೇ ಗುಂಡಿಯನ್ನು ಸುತ್ತಿಕೊಂಡು ಸೇಡಂ ಪಾಸ್ಟರ ಹತ್ತಿರ ಹೋದೆ.

"ಅಯ್ಯನೋರೆ, ಅಲ್ಲಿ ಗೋಡಿ ಕಡೆ ಒಬ್ರು ನಿಂತಾರ. ಯಾಕ ಬಂದಾರ ಅಂತ ಅವರಿಗಿ ಒಂದ್ಸಲ ಕೇಳ್ರಿ," ಎಂದೆ.

ಅವರು ನನ್ನ ಮುಖ ನೋಡಿದರು, ಗೋಡೆಯ ಕಡೆ ನೋಡಿದರು. ಪುಟದ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿದರು. ಜನರನ್ನು ಸರಿಸಿಕೊಂಡು ತಾವೇ ಅಲ್ಲಿಗೆ ನಡೆದು ಹೋದರು. ಏನು ಕೇಳಿದರೋ ನನಗೆ ಕೇಳಿಸಲಿಲ್ಲ. ಹುಡುಗ ಉತ್ತರವಾಗಿ ಚೀಲ ತೆರೆದ.

ಅವನು ನಿಲುವಂಗಿ ತೊಟ್ಟು ಬಂದು ಓದಿದ, ಸೇಡಂ ಪಾಸ್ಟರ್ ಪಕ್ಕದಲ್ಲಿ ನಿಂತರು. ತಡವಾಗಿರಲಿಲ್ಲ. ಪೆಟ್ಟಿಗೆ ಇನ್ನೂ ಮೇಲೆಯೇ ಇತ್ತು. ಆಮೇಲೆ ನಾನು ಅವನನ್ನು ಕೇಳಿದೆ, ಮುತ್ಯಾ ಏನಾದರೂ ಹೇಳಿದ್ದನೇ ಎಂದು. "ಇಲ್ಲ ಅಕ್ಕಾ. ಇರ್ಲಿ ಅಂತ ತಂದಿದ್ದೆ," ಎಂದ.

ಮುತ್ಯಾ ಇದ್ದಿದ್ದರೆ ನನ್ನನ್ನು ಬೈಯುತ್ತಿದ್ದ. ಇನ್ನೊಬ್ಬರ ಸಭೆಯಲ್ಲಿ ಬಾಯಿ ಹಾಕಿದೆ ಎಂದು ವಾರಗಟ್ಟಲೆ ಮಾತು ಬಿಡುತ್ತಿದ್ದ. ಬಿಡಲಿ. ಕೇಳಬೇಕು ಎಂದು ನನಗೆ ಕಲಿಸಿದವನೂ ಅವನೇ.